ಕರೆಂಟ್ ಹೋದ ಫೋನು ಸರ್ವರ್ ಪಟ್ಟಿಯಲ್ಲಿ ಇನ್ನೂ ಇದೆ. ಹಳೇ ರಿಜಿಸ್ಟ್ರೇಷನ್ ತೆಗೆಯುವುದು ಹೇಗೆ?

ಪಲ್ಪರ್‌ಮನೆ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರು. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ನನ್ನ ಕೆಲಸ. ಕಂಪ್ಯೂಟರ್ ಅಷ್ಟಿಷ್ಟು ಗೊತ್ತು ಅಂತ ಫೋನಿನ ಉಸಾಬರಿಯೂ ನನ್ನ ತಲೆಗೇ ಬಂತು. ತೋಟ ಹಳ್ಳದ ಆಚೆ ಈಚೆ ಹರಡಿದೆ. ಮೊಬೈಲ್ ಸಿಗ್ನಲ್ ಬೇಕಾದರೆ ಬಂಗಲೆ ಪಕ್ಕದ ದಿಬ್ಬ ಹತ್ತಬೇಕು. ಹಾಗಾಗಿ ಆಫೀಸಿನಲ್ಲಿ ಒಂದು ಹಳೇ ಪಿಸಿ ಇಟ್ಟು, ಅದಕ್ಕೆ ಕಮೈಲಿಯೊ ಅನ್ನುವ ಫೋನ್ ಸರ್ವರ್ ತಂತ್ರಾಂಶ ಹಾಕಿದ್ದೇವೆ. ಕಣ, ಪಲ್ಪರ್ ಮನೆ, ಗೋಡೌನು, ಲೈನು (ಆಳುಗಳ ಮನೆ ಸಾಲು), ಮೇಲಿನ ಬ್ಲಾಕಿನ ಶೆಡ್ಡು, ಎಲ್ಲ ಕಡೆ ಒಂದೊಂದು ವೈಫೈ ಡಬ್ಬ. ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಬ್ರೌಸರ್ ತೆರೆದರೆ ನಮ್ಮದೇ ಒಂದು ಪೇಜು ಬರುತ್ತೆ, ಅದರಿಂದಲೇ ಕರೆ. ವೆಬ್‌ಸಾಕೆಟ್ (ಬ್ರೌಸರಿಗೂ ಸರ್ವರಿಗೂ ನಡುವೆ ತೆರೆದೇ ಇರುವ ಕನೆಕ್ಷನ್) ಮೇಲೆ ಸಿಪ್ (ಕರೆ ಜೋಡಿಸುವ ಭಾಷೆ). ಪೇಜು ತೆರೆದಾಗ ಫೋನು ಸರ್ವರ್ ಪಟ್ಟಿಯಲ್ಲಿ ತನ್ನ ನಂಬರ್ ಬರೆಸುತ್ತೆ, ಅದೇ ರಿಜಿಸ್ಟ್ರೇಷನ್. ಮೇಸ್ತ್ರಿಗಳ ಜೇಬಿನಲ್ಲೂ ಒಂದೊಂದು ಇದೆ. ಆನೆ ಬಂದಿದೆ ಅಂತ ಲೈನಿಗೆ ತಿಳಿಸುವುದಕ್ಕೂ ಇದೇ ದಾರಿ.

ತಲೆನೋವು ಕರೆಂಟಿನದು. ಆಫೀಸಿಗೆ ಯುಪಿಎಸ್ ಇದೆ, ಕಣದ ಡಬ್ಬಕ್ಕೆ ಇಲ್ಲ. ಕರೆಂಟ್ ಹೋದರೆ ಆ ಡಬ್ಬ ಆರಿಹೋಗುತ್ತೆ. ಕಣದ ಫೋನಿಗೆ ವೈಫೈ ಇಲ್ಲ. ಆದರೆ ಸರ್ವರ್ ಪಟ್ಟಿಯಲ್ಲಿ 201, ಅಂದರೆ ಕಣ, ಆರಾಮಾಗಿ ಕೂತಿರುತ್ತೆ. ಕರೆ ಮಾಡಿದರೆ ರಿಂಗೂ ಇಲ್ಲ, 'ಸಿಗುತ್ತಿಲ್ಲ' ಅನ್ನುವ ಮಾತೂ ಇಲ್ಲ. ಅರ್ಧ ನಿಮಿಷ ಏನೂ ಕೇಳಲ್ಲ, ಆಮೇಲೆ ಕಟ್ಟಾಗುತ್ತೆ. 201 ಪಟ್ಟಿಯಲ್ಲಿ ಇಲ್ಲ ಅಂತಾದರೆ ಗೋಡೌನಿನ 204ಕ್ಕೆ ತಿರುಗಿಸು ಅಂತ ಕಾನ್ಫಿಗ್‌ನಲ್ಲಿ ಬರೆದಿದ್ದೇನೆ. ಪಟ್ಟಿಯಲ್ಲಿ ಇದೆಯಲ್ಲ, ಅದು ತಿರುಗಿಸುವುದೇ ಇಲ್ಲ.

ಹೋದ ಜನವರಿಯಲ್ಲಿ ಕಣದ ತುಂಬ ಪಾರ್ಚ್‌ಮೆಂಟ್ (ತೊಳೆದು ಒಣಗಿಸುವ ಕಾಫಿ ಬೀಜ) ಹರವಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿತು, ಜೊತೆಗೇ ಕರೆಂಟೂ ಹೋಯಿತು. ಟಾರ್ಪಾಲು ಎಳೆಯಿರಿ ಅಂತ ಹೇಳಲು ಕಣಕ್ಕೆ ಕರೆ ಮಾಡುತ್ತಾ ಕೂತೆ. ಗೋಡೌನಿನಲ್ಲಿ ಜನ ಇದ್ದರು. ಅವರಿಗೆ ಕರೆ ಹೋಗಲೇ ಇಲ್ಲ. ಕೊನೆಗೆ ಒಬ್ಬ ಹುಡುಗನನ್ನು ಓಡಿಸಿದೆವು. ಅಷ್ಟರಲ್ಲಿ ಒಂದು ಮೂಲೆ ನೆನೆದಿತ್ತು. ಯಜಮಾನರ ಮುಖ ಹೇಗಿತ್ತು ಅಂತ ನಾನು ಬರೆಯಬೇಕಾಗಿಲ್ಲ.

ಇನ್ನೊಂದು ವಿಚಿತ್ರ. ಕೆಲವು ದಿನ ಒಂದೇ ನಂಬರಿನ ಕೆಳಗೆ ಮೂರು ನಾಲ್ಕು ದಾಖಲೆ ಇರುತ್ತವೆ. ಇರುವ ಫೋನು ಒಂದೇ.

ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗನನ್ನು ಕೇಳಿದೆ. "ವೆಬ್‌ಸಾಕೆಟ್ ಮುಚ್ಚಿದಾಗ ಒಂದು ಇವೆಂಟ್ ಬರುತ್ತೆ ಮಾವ, ಅದರಲ್ಲಿ ಆ ಯೂಸರನ್ನು ಡಿಲೀಟ್ ಮಾಡು ಅಂತ ಬರಿ, ಎರಡು ಸಾಲು" ಅಂದ. ಬರೆಯಲೋ ಬೇಡವೋ? ತಿಳಿದವರು ಹೇಳಿ.

---

ಸಾಲಗಾಮೆ_ರಸ್ತೆ (ಹಾಸನ)

ಗುರುಗಳೇ, ಇಷ್ಟೆಲ್ಲ ಯಾಕೆ? ಎಕ್ಸ್‌ಪೈರ್ಸ್, ಅಂದ್ರೆ ರಿಜಿಸ್ಟ್ರೇಷನ್ನಿನ ಆಯಸ್ಸು, 60 ಸೆಕೆಂಡ್ ಇಡಿ. ಡೀಫಾಲ್ಟ್ 3600 ಇರುತ್ತೆ, ಅದಕ್ಕೇ ಒಂದು ಗಂಟೆ ಹೆಣ ಕಾಯ್ತಾ ಇದೆ. ನಿಮಿಷಕ್ಕೊಂದು ಸಲ ಫೋನು ಬಂದು 'ನಾನಿದ್ದೀನಿ' ಅನ್ನಬೇಕು. ಅನ್ನಲಿಲ್ಲ ಅಂದ್ರೆ ಪಟ್ಟಿಯಿಂದ ಔಟ್. ಮುಗೀತು.

---

ಪಲ್ಪರ್‌ಮನೆ

ಇಟ್ಟು ನೋಡಿದೆ ಸಾರ್. ಆಗ ಉಲ್ಟಾ ಆಯಿತು. ಸ್ಕ್ರೀನ್ ಆರಿಸಿ ಮೇಜಿನ ಮೇಲಿಟ್ಟ ಫೋನು, ವೈಫೈ ಚೆನ್ನಾಗಿಯೇ ಇದೆ, ಸುಮ್ನೆ ಪಟ್ಟಿಯಿಂದ ಮಾಯ ಆಗುತ್ತೆ. ಕೈಗೆತ್ತಿ ಸ್ಕ್ರೀನ್ ಹೊತ್ತಿಸಿದರೆ ಮತ್ತೆ ಬರುತ್ತೆ. ಯಾಕೆ ಅಂತ ಗೊತ್ತಾಗಲಿಲ್ಲ. ಬ್ಯಾಟರಿಯೂ ಸಂಜೆವರೆಗೆ ಬರುತ್ತಿರಲಿಲ್ಲ.

---

ಗಿರಿಗಾಳಿ (ಚಿಕ್ಕಮಗಳೂರು)

ರೈಟರೇ, ನಿಮ್ಮ ಅಕ್ಕನ ಮಗ ಹೇಳಿದ್ದನ್ನು ಹಾಗೇ ಬರೆಯಬೇಡಿ. ಕಣದ ಫೋನಿಗೆ ಅದರಿಂದ ಉಪಯೋಗವಿಲ್ಲ. ಮೇಸ್ತ್ರಿಗಳ ಫೋನಿಗೆ ತೊಂದರೆಯೇ ಆಗುತ್ತೆ. ನಾನು ಬೆಂಗಳೂರಿನಲ್ಲಿ ಇಂಥ ಸರ್ವರುಗಳನ್ನೇ ನೋಡಿಕೊಳ್ಳುತ್ತಿದ್ದವಳು, ಈಗ ಊರಿನಿಂದಲೇ ಅದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಯಜಮಾನರ ಕಡೆಯದೂ ತೋಟವೇ, ಹಾಗಾಗಿ ಕಣ ನೆನೆದರೆ ಏನಾಗುತ್ತೆ ಅಂತ ನನಗೆ ಗೊತ್ತು.

ಮೊದಲು ಕಣದ ವಿಷಯ. ಕರೆಂಟ್ ಹೋದಾಗ ಕನೆಕ್ಷನ್ ಮುಚ್ಚುತ್ತೆ ಅಂತ ನೀವಿಬ್ಬರೂ ಅಂದುಕೊಂಡಿದ್ದೀರಿ. ಮುಚ್ಚಲ್ಲ. ವೆಬ್‌ಸಾಕೆಟ್‌ನ ಕೆಳಗಿರುವುದು ಟಿಸಿಪಿ. ಟಿಸಿಪಿ ಕನೆಕ್ಷನ್ ಅಂದರೆ ಎರಡೂ ತುದಿಯವರು ತಮ್ಮ ತಮ್ಮಲ್ಲಿ ಬರೆದಿಟ್ಟುಕೊಂಡ ಲೆಕ್ಕ, ಅಷ್ಟೇ. ಬ್ರೌಸರ್ ಟ್ಯಾಬ್ ಮುಚ್ಚಿದರೆ ಫೋನು 'ಫಿನ್' ಅಂತ ಒಂದು ಪ್ಯಾಕೆಟ್ ಕಳಿಸುತ್ತೆ, ಸರ್ವರ್ ತನ್ನ ಲೆಕ್ಕ ಅಳಿಸುತ್ತೆ. ಫೋನು ಒರಟಾಗಿ ಕಡಿದುಕೊಂಡರೆ 'ರೀಸೆಟ್' ಬರುತ್ತೆ, ಆಗಲೂ ಗೊತ್ತಾಗುತ್ತೆ. ನಡುವಿನ ಡಬ್ಬವೇ ಆರಿದರೆ ಎರಡೂ ಬರಲ್ಲ. ನಿಮ್ಮ ಹಾಜರಿ ಪುಸ್ತಕದ ಕತೆಯೇ. ಬೆಳಿಗ್ಗೆ ಹೆಸರು ಬರೆಸಿ, ಹೇಳದೆ ಕೇಳದೆ ಹತ್ತು ಗಂಟೆಗೆ ಮನೆಗೆ ಹೋದ ಆಳು ಸಂಜೆವರೆಗೂ ಪುಸ್ತಕದಲ್ಲಿ ಹಾಜರಿ. ಹಾಗಾಗಿ ಕಣದ ಫೋನಿಗೆ 'ಮುಚ್ಚಿತು' ಅನ್ನುವ ಇವೆಂಟ್ ಬರುವುದೇ ಇಲ್ಲ. ನಿಮ್ಮ ಎರಡು ಸಾಲು ಓಡುವುದೂ ಇಲ್ಲ.

ಲಿನಕ್ಸ್ ಕರ್ನಲ್, ಅಂದರೆ ಸರ್ವರ್ ಪಿಸಿಯ ಮೂಲ ತಂತ್ರಾಂಶ, ತಾನಾಗಿ ಕಂಡುಹಿಡಿಯಲಿ ಅಂತ ಬಿಟ್ಟರೆ ಎಷ್ಟು ಹೊತ್ತು ಬೇಕು ನೋಡಿ. ಟಿಸಿಪಿ ಕೀಪ್‌ಅಲೈವ್ ಅನ್ನುವುದನ್ನು ಪ್ರೋಗ್ರಾಂ ಕೇಳಿ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡರೂ ಡೀಫಾಲ್ಟ್ ಲೆಕ್ಕ ಹೀಗಿದೆ: 7200 ಸೆಕೆಂಡ್ ಸುಮ್ಮನಿರು, ಆಮೇಲೆ 75 ಸೆಕೆಂಡಿಗೊಂದರಂತೆ 9 ಸಲ ತಟ್ಟಿ ನೋಡು. ಒಟ್ಟು 2 ಗಂಟೆ 11 ನಿಮಿಷದ ಮೇಲೆ. ಎರಡು ಗಂಟೆ ಅನ್ನುವುದು 1989ರ ಆರ್‌ಎಫ್‌ಸಿ 1122ರ (ಇಂಟರ್ನೆಟ್ ನಿಯಮಗಳ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ) ಕಾಲದಿಂದ ಬಂದದ್ದು, ಡೀಫಾಲ್ಟ್ ಅದಕ್ಕಿಂತ ಕಡಿಮೆ ಇರಬಾರದು ಅಂತ ಅದರಲ್ಲೇ ಇದೆ. ನೀವು ಕರೆ ಮಾಡಿದಾಗ ಸರ್ವರ್ ಸತ್ತ ಕನೆಕ್ಷನ್ ಮೇಲೆ ಬರೆಯುತ್ತೆ ಅಲ್ವಾ, ಆಗಲೂ ಕರ್ನಲ್ ಬಿಡದೆ ಮತ್ತೆ ಮತ್ತೆ ಕಳಿಸಿ ನೋಡುತ್ತೆ. ಡೀಫಾಲ್ಟ್ 15 ಮರುಪ್ರಯತ್ನ, ಕಾಲು ಗಂಟೆಗೂ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಮಳೆ ಬಂದು ಹೋಗಿರುತ್ತೆ.

ನಿಮಗೆ ಕೇಳಿದ ಆ ಅರ್ಧ ನಿಮಿಷದ ಮೌನಕ್ಕೂ ಕಾರಣ ಇದೆ. ಸರ್ವರ್ ಕರೆ ಕಳಿಸಿ ಯಾವ ಉತ್ತರವೂ ಬರದೆ ಕಾಯುವ ಹೊತ್ತು ಅದು. ಸಿಪ್ ಗ್ರಂಥದಲ್ಲಿ, ಅಂದರೆ 2002ರ ಆರ್‌ಎಫ್‌ಸಿ 3261ರಲ್ಲಿ, ಅದು 32 ಸೆಕೆಂಡ್. ಕಮೈಲಿಯೊದಲ್ಲಿ ಡೀಫಾಲ್ಟ್ 30.

ಹಾಗಾದರೆ ಮಾಡುವುದೇನು? ಸರ್ವರೇ ಆಗಾಗ ಕರೆದು ನೋಡಬೇಕು. ವೆಬ್‌ಸಾಕೆಟ್‌ನಲ್ಲಿ ಪಿಂಗ್, ಪಾಂಗ್ ಅಂತ ಇದಕ್ಕೇ ಇಟ್ಟಿದ್ದಾರೆ. ಸರ್ವರ್ ಪಿಂಗ್ ಅಂದರೆ ಬ್ರೌಸರ್ ತಾನಾಗಿ ಪಾಂಗ್ ಅನ್ನುತ್ತೆ, ನಿಮ್ಮ ಪೇಜಿನ ಜಾವಾಸ್ಕ್ರಿಪ್ಟ್‌ಗೆ ಸುದ್ದಿಯೇ ಇರಲ್ಲ. ಹಾಸನದವರು ಹೇಳಿದ 60 ಸೆಕೆಂಡ್ ನಿಮ್ಮಲ್ಲಿ ಯಾಕೆ ಕೈಕೊಟ್ಟಿತು ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ರಿಜಿಸ್ಟ್ರೇಷನ್ ನವೀಕರಿಸುವುದು ಪೇಜಿನ ಟೈಮರ್. ಪೇಜು ಕಣ್ಣಿಗೆ ಕಾಣದೆ ಐದು ನಿಮಿಷ ಕಳೆದರೆ ಕ್ರೋಮ್ ಆ ಟೈಮರನ್ನು ನಿಮಿಷಕ್ಕೆ ಒಂದೇ ಸಲ ಎಬ್ಬಿಸುತ್ತೆ. 2021ರಲ್ಲಿ ಬಂದ ಕ್ರೋಮ್ 88ರಿಂದ ಹೀಗೆ. 60 ಸೆಕೆಂಡಿನ ರಿಜಿಸ್ಟ್ರೇಷನ್ನು, ನಿಮಿಷಕ್ಕೊಂದು ಸಲ ಏಳುವ ಟೈಮರು. ತಪ್ಪಿಯೇ ತಪ್ಪುತ್ತೆ. ಪಾಂಗ್‌ಗೆ ಆ ಟೈಮರಿನ ಹಂಗಿಲ್ಲ.

ಕಮೈಲಿಯೊದ ವೆಬ್‌ಸಾಕೆಟ್ ಮಾಡ್ಯೂಲಿನಲ್ಲಿ ಕೀಪ್‌ಅಲೈವ್ ಟೈಮ್‌ಔಟ್ ಅಂತ ಇದೆ, ಡೀಫಾಲ್ಟ್ 180 ಸೆಕೆಂಡ್. ಅಷ್ಟು ಹೊತ್ತು ಮಾತಿಲ್ಲದ ಕನೆಕ್ಷನ್‌ಗೆ ಪಿಂಗ್ ಹೋಗುತ್ತೆ. ಪಾಂಗ್ ಬಾರದೇ ಇದ್ದರೆ ಮುಂದಿನ ಸುತ್ತಿನಲ್ಲಿ ಬಲವಂತವಾಗಿ ಮುಚ್ಚುತ್ತೆ. ನಿಮ್ಮ ತೋಟಕ್ಕೆ 30 ಸಾಕು. ಅದಕ್ಕಿಂತ ಇಳಿಸಿದರೆ ಸುಮ್ನೆ ಬ್ಯಾಟರಿ ದಂಡ.

ಇನ್ನು ಮೇಸ್ತ್ರಿಗಳ ಫೋನು. ಜಾಸ್ತಿ ಜನ ಎಡವುವುದು ಇಲ್ಲಿ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೇಸ್ತ್ರಿ (ಅವರ ನಂಬರ್ 205 ಅನ್ನಿ) ಮೇಲಿನ ಬ್ಲಾಕಿನಿಂದ ಆಫೀಸಿಗೆ ಇಳಿದು ಬರುತ್ತಾರೆ ಅಂದುಕೊಳ್ಳಿ. ಶೆಡ್ಡಿನ ವೈಫೈ ತಪ್ಪಿತು. ಫಿನ್ ಹೋಗಲಿಲ್ಲ, ಆ ಕನೆಕ್ಷನ್ ಸರ್ವರ್ ಲೆಕ್ಕದಲ್ಲಿ ಇನ್ನೂ ಜೀವಂತ. 10 ಗಂಟೆ 2 ನಿಮಿಷಕ್ಕೆ ಆಫೀಸಿನ ವೈಫೈ ಸಿಕ್ಕಿತು, ಪೇಜು ಹೊಸ ಕನೆಕ್ಷನ್ ತೆರೆದು ರಿಜಿಸ್ಟರ್ ಆಯಿತು. ಎಲ್ಲ ಸರಿ. 10 ಗಂಟೆ 3 ನಿಮಿಷಕ್ಕೆ ಸರ್ವರಿಗೆ ಹಳೇ ಕನೆಕ್ಷನ್ ಸತ್ತಿದೆ ಅಂತ ಹೊಳೆಯಿತು, ಮುಚ್ಚಿತು, ಇವೆಂಟ್ ಬಂತು. ನಿಮ್ಮ ಎರಡು ಸಾಲು '205ನ್ನು ಅಳಿಸು' ಅನ್ನುತ್ತೆ. ಅಳಿಸುತ್ತೆ, ಹೊಸದನ್ನೂ ಸೇರಿಸಿ! ಮೇಸ್ತ್ರಿ ಆಫೀಸಿನಲ್ಲಿ ನಿಮ್ಮ ಎದುರಿಗೇ ನಿಂತಿದ್ದಾರೆ, ಫೋನಿನಲ್ಲಿ ಹಸಿರು ಚುಕ್ಕೆ ಇದೆ, ಕರೆ ಮಾತ್ರ ಬರಲ್ಲ. ಮುಂದಿನ ನವೀಕರಣದ ತನಕ ಹೀಗೇ. ಹಳೇದು ಸಾಯುವ ಸುದ್ದಿ ಯಾವಾಗಲೂ ತಡವಾಗಿ ಬರುತ್ತೆ, ಹೊಸದು ಹುಟ್ಟಿದ ಮೇಲೆ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಬರುತ್ತೆ.

ಹಾಗಾಗಿ ರಿಜಿಸ್ಟ್ರೇಷನ್ ಬರೆಯುವಾಗಲೇ ಅದು ಯಾವ ಕನೆಕ್ಷನ್ ಮೇಲೆ ಬಂತು ಅನ್ನುವ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಬೇಕು. ಅಳಿಸುವಾಗ ಯೂಸರ್ ಹೆಸರು ಹಿಡಿದು ಅಳಿಸಬಾರದು. 'ಈ ಕನೆಕ್ಷನ್ ಸಂಖ್ಯೆ ಇರುವ ದಾಖಲೆ ಇದ್ದರೆ ಅಳಿಸು' ಅನ್ನಬೇಕು. ಹೊಸ ದಾಖಲೆಗೆ ಬೇರೆ ಸಂಖ್ಯೆ ಇರುತ್ತೆ, ಅದು ಉಳಿಯುತ್ತೆ. ಇದನ್ನು ಒಂದೇ ಏಟಿಗೆ ಮಾಡಬೇಕು. ಮೊದಲು ಓದಿ, ಸಂಖ್ಯೆ ಹೋಲಿಸಿ, ಆಮೇಲೆ ಅಳಿಸುತ್ತೇನೆ ಅಂದರೆ ಓದುವುದಕ್ಕೂ ಅಳಿಸುವುದಕ್ಕೂ ನಡುವೆ ಹೊಸ ರಿಜಿಸ್ಟ್ರೇಷನ್ ನುಸುಳಬಹುದು. ಡೇಟಾಬೇಸಿನಲ್ಲಿ ಡಿಲೀಟ್ ಆಜ್ಞೆಗೇ ಎರಡೂ ಷರತ್ತು (ಯೂಸರ್ ಹೆಸರು, ಕನೆಕ್ಷನ್ ಸಂಖ್ಯೆ) ಹಾಕಿದರೆ ಆಯಿತು. ರೆಡಿಸ್ ಅನ್ನುವ ಮೆಮೊರಿ ಡೇಟಾಬೇಸ್ ಬಳಸುವವರಾದರೆ ಒಂದು ಲುವಾ ಸ್ಕ್ರಿಪ್ಟಿನೊಳಗೆ ಹಾಕಿ.

ಆ ಸಂಖ್ಯೆ ಯಾವುದು ಅನ್ನುವುದೂ ಮುಖ್ಯ. ಸ್ವಂತ ಸರ್ವರ್ ಬರೆಯುವವರು ಸಾಕೆಟ್ಟಿನ ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಕನೆಕ್ಷನ್‌ಗೆ ಲಿನಕ್ಸ್ ಕೊಡುವ ಸಂಖ್ಯೆಯನ್ನೇ ಹಿಡಿಯುವುದನ್ನು ನೋಡಿದ್ದೇನೆ. ಲಿನಕ್ಸ್ ಯಾವಾಗಲೂ ಖಾಲಿ ಇರುವ ಅತಿ ಸಣ್ಣ ಸಂಖ್ಯೆ ಕೊಡುತ್ತೆ. 17 ಮುಚ್ಚಿದ ತಕ್ಷಣ ಬರುವ ಇನ್ಯಾರದೋ ಕನೆಕ್ಷನ್‌ಗೂ 17 ಸಿಗಬಹುದು. ಆಮೇಲೆ ಒಬ್ಬರ ಸಾವಿಗೆ ಇನ್ನೊಬ್ಬರ ಹೆಸರು ಅಳಿಯುತ್ತೆ. ಏರುತ್ತಲೇ ಹೋಗುವ ಸಂಖ್ಯೆ ಬೇಕು.

ನಿಮಗೆ ಇದನ್ನೆಲ್ಲ ಬರೆಯುವ ಕಷ್ಟ ಇಲ್ಲ. ಕಮೈಲಿಯೊದ ಯೂಸರ್‌ಲಾಕ್ (usrloc, ಯಾರು ಎಲ್ಲಿ ಸಿಗುತ್ತಾರೆ ಅನ್ನುವ ಪಟ್ಟಿ ಇಡುವುದು) ಮಾಡ್ಯೂಲಿನಲ್ಲಿ 'ಹ್ಯಾಂಡಲ್ ಲಾಸ್ಟ್ ಟಿಸಿಪಿ' ಅಂತ ಒಂದು ಪ್ಯಾರಾಮೀಟರ್ ಇದೆ. ಡೀಫಾಲ್ಟ್ 0. ಅದನ್ನು 1 ಮಾಡಿ. ದಾಖಲೆಯ ಜೊತೆ ಕನೆಕ್ಷನ್ ಸಂಖ್ಯೆ ಇಟ್ಟುಕೊಂಡು, ಆ ಕನೆಕ್ಷನ್ ಹೋಗಿದ್ದರೆ ಆ ದಾಖಲೆಯನ್ನಷ್ಟೇ ತೆಗೆಯುತ್ತೆ. ಈ ತಪಾಸಣೆ ಟೈಮರಿನಲ್ಲಿ ಓಡುವುದರಿಂದ ಅದೇ ಮಾಡ್ಯೂಲಿನ ಟೈಮರ್ ಇಂಟರ್‌ವಲ್ ಕೂಡ ಇಳಿಸಿ, ಡೀಫಾಲ್ಟ್ 60 ಇರುತ್ತೆ.

ಎಕ್ಸ್‌ಪೈರ್ಸ್ ತೆಗೆದುಹಾಕಬೇಡಿ. ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ಉಳಿದ ಯಾವುದೋ ಕಾರಣಕ್ಕೆ ಎಲ್ಲ ತಪ್ಪಿದರೂ ಕೊನೆಗೆ ಅದು ಗುಡಿಸುತ್ತೆ.

---

ಹಳೇ_ಮೋಡೆಮ್ (ಹಾಸನ)

ಡಯಲ್‌ಅಪ್ ಕಾಲದಲ್ಲಿ ಐಆರ್‌ಸಿ ಅನ್ನುವ ಹರಟೆ ಕೋಣೆ ಹಚ್ಚಿಕೊಂಡವರಿಗೆ ಇದು ಹಳೇ ನಂಟು. ಮನೆಯಲ್ಲಿ ಯಾರೋ ಫೋನೆತ್ತಿ "ಹಲೋ" ಅಂದರೆ ನನ್ನ ಕನೆಕ್ಷನ್ ಡಮಾರ್. ಮತ್ತೆ ಡಯಲ್ ಮಾಡಿ ಒಳಗೆ ಹೋದರೆ 'ಈ ಹೆಸರು ಈಗಾಗಲೇ ಬಳಕೆಯಲ್ಲಿದೆ' ಅಂತಿತ್ತು. ಬಳಸುತ್ತಿದ್ದವನೂ ನಾನೇ! ಹೆಸರಿನ ಮುಂದೆ ಒಂದು ಅಡ್ಡಗೆರೆ ಹಾಕಿಕೊಂಡು ಒಳಗೆ ಹೋಗಿ, ಹೆಸರು ಕಾಯುವ ನಿಕ್‌ಸರ್ವ್‌ಗೆ 'ಘೋಸ್ಟ್' ಅಂತ ಆಜ್ಞೆ ಕೊಟ್ಟು ನನ್ನದೇ ದೆವ್ವ ಬಿಡಿಸಬೇಕಿತ್ತು. ಪಾಸ್‌ವರ್ಡ್ ಕೇಳುತ್ತಿತ್ತು. ದೆವ್ವ ಬಿಡಿಸಲೂ ಗುರುತು ಬೇಕು, ಇಲ್ಲದಿದ್ದರೆ ಯಾರು ಬೇಕಾದರೂ ಯಾರನ್ನು ಬೇಕಾದರೂ ಓಡಿಸಬಹುದಲ್ಲ.

ಐಆರ್‌ಸಿಯ ಆರ್‌ಎಫ್‌ಸಿ 1459 ಬಂದದ್ದು 1993ರಲ್ಲಿ. ಅದರಲ್ಲೂ ಪಿಂಗ್ ಪಾಂಗ್ ಇದೆ ನೋಡಿ.

---

ಹೇಮಾವತಿ_ದಂಡೆ (ಸಕಲೇಶಪುರ)

ಗಿರಿಗಾಳಿ ಅವರು ಹೇಳಿದ್ದು ತೋಟದ ಒಳಗಿನ ಫೋನಿಗೆ ಸರಿ. ಆದರೆ ಇದನ್ನು ಓದಿ ಎಲ್ಲರೂ ತಮ್ಮ ಆಪ್‌ಗೂ ಇದೇ ಮಾಡಿಬಿಟ್ಟರೆ ಕಷ್ಟ. ನಾನು ಮೊಬೈಲ್ ಆಪ್ ಮಾಡುವವನು, ಅದಕ್ಕೆ ಹೇಳುತ್ತಿದ್ದೇನೆ.

ಐಫೋನಿನಲ್ಲಿ ಆಪ್ ಹಿಂದಕ್ಕೆ ಸರಿದರೆ ಸ್ವಲ್ಪ ಹೊತ್ತಿನಲ್ಲೇ ಅದನ್ನು ಮಲಗಿಸುತ್ತಾರೆ, ಕನೆಕ್ಷನ್ ಹೋಗುತ್ತೆ. ಆಂಡ್ರಾಯ್ಡ್‌ನಲ್ಲೂ 2015ರ ಆವೃತ್ತಿ 6ರಿಂದ ಡೋಜ್ ಅಂತ ಬ್ಯಾಟರಿ ಉಳಿಸುವ ನಿದ್ದೆ ಬಂತು. ಅಲ್ಲಿ ಕನೆಕ್ಷನ್ ಮುಚ್ಚುವುದು ದಿನನಿತ್ಯದ ಮಾತು, ಬಳಕೆದಾರ ಹೋದ ಅಂತ ಅರ್ಥವೇ ಅಲ್ಲ. ಕರೆ ಬಂದಾಗ ಪುಷ್ ನೋಟಿಫಿಕೇಷನ್ ಕಳಿಸಿ ಆಪನ್ನು ಎಬ್ಬಿಸಬೇಕು. ಎಬ್ಬಿಸಲು ಬೇಕಾದ ಪುಷ್ ವಿಳಾಸ ಇರುವುದು ಆ ರಿಜಿಸ್ಟ್ರೇಷನ್‌ನಲ್ಲೇ. 2019ರ ಆರ್‌ಎಫ್‌ಸಿ 8599 ಇದನ್ನೇ ಹೇಳುತ್ತೆ. ಮುಚ್ಚಿದ ಕೂಡಲೇ ಅಳಿಸಿದರೆ ಎಬ್ಬಿಸುವ ದಾರಿಯನ್ನೇ ಅಳಿಸಿದ ಹಾಗೆ. ಹಾಗೆ ಮಾಡಿದ ಒಂದು ಆಪು ನನ್ನ ಕೈಗೆ ರಿಪೇರಿಗೆ ಬಂದಿತ್ತು. ಸ್ಕ್ರೀನ್ ನೋಡುತ್ತಾ ಕೂತವರಿಗೆ ಮಾತ್ರ ಕರೆ ಬರುತ್ತಿತ್ತು.

---

ಗಿರಿಗಾಳಿ

ಒಪ್ಪಿದೆ ಸಾರ್, ಒಳ್ಳೇ ಮಾತು ಸೇರಿಸಿದಿರಿ. ಪುಷ್ ಇರುವ ಕಡೆ 'ಈ ಫೋನು ನಮ್ಮದು' ಅನ್ನುವುದನ್ನೂ 'ಈಗ ಈ ಕನೆಕ್ಷನ್ ಮೇಲೆ ಸಿಗುತ್ತಾರೆ' ಅನ್ನುವುದನ್ನೂ ಬೇರೆ ಬೇರೆ ಇಡಬೇಕು. ಕನೆಕ್ಷನ್ ಸತ್ತರೆ ಎರಡನೆಯದನ್ನು ಮಾತ್ರ ಅಳಿಸಬೇಕು.

ರೈಟರ ತೋಟದಲ್ಲಿ ಪುಷ್ ಬರುವುದು ಎಲ್ಲಿಂದ? ಇಂಟರ್ನೆಟ್ಟೇ ಮಳೆಗಾಲದಲ್ಲಿ ಇದ್ದರೆ ಇತ್ತು.

---

ಪಲ್ಪರ್‌ಮನೆ

ಎಲ್ಲರಿಗೂ ಥ್ಯಾಂಕ್ಸ್. ಮೇಡಂ ಹೇಳಿದ ಹಾಗೆ ಹಾಕಿದೆ. ಪಿಂಗ್ 30, ಹ್ಯಾಂಡಲ್ ಲಾಸ್ಟ್ ಟಿಸಿಪಿ 1, ಟೈಮರ್ 15, ಎಕ್ಸ್‌ಪೈರ್ಸ್ ಹತ್ತು ನಿಮಿಷ. ನಿನ್ನೆ ಮಧ್ಯಾಹ್ನ ಕಣಕ್ಕೆ ಹೋಗಿ ಡಬ್ಬದ ಪ್ಲಗ್ ಕಿತ್ತೆ. ಆಫೀಸಿನಲ್ಲಿ ಹುಡುಗ ಪಟ್ಟಿ ನೋಡುತ್ತಾ ಕೂತಿದ್ದ. ಒಂದೂವರೆ ನಿಮಿಷದ ಒಳಗೆ 201 ಹೋಯಿತು. ಆಮೇಲೆ 201ಕ್ಕೆ ಮಾಡಿದ ಕರೆ ಗೋಡೌನಿನಲ್ಲಿ ಹೊಡೆಯಿತು. ಗೋಡೌನಿನ ಕ್ಲರ್ಕು "ಯಾರ್ರೀ ಕಣ ಕೇಳೋರು" ಅಂತ ಬೈದರು, ಕೇಳಿ ಖುಷಿಯಾಯಿತು.

ಸ್ಕ್ರೀನ್ ಆರಿದ ಫೋನುಗಳೂ ಈಗ ಪಟ್ಟಿಯಿಂದ ಬೀಳುತ್ತಿಲ್ಲ.

ಎರಡು ವಿಷಯ ಬಾಕಿ ಇದೆ. ಒಂದು, ಮೇಲಿನ ಬ್ಲಾಕಿನಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಸಿಗ್ನಲ್ ಬಂದು ಹೋಗಿ ಮಾಡುತ್ತೆ. ಅಲ್ಲಿನ ಮೇಸ್ತ್ರಿಯ 205 ಸರ್ವರ್ ಪಟ್ಟಿಯಿಂದ ಹೋಗುತ್ತೆ, ಆದರೆ ಅವರ ಫೋನಿನಲ್ಲಿ ಹಸಿರು ಚುಕ್ಕೆ ಹಾಗೇ ಇರುತ್ತೆ. ಸಿಗ್ನಲ್ ವಾಪಸ್ ಬಂದ ಮೇಲೂ ಎಷ್ಟೋ ಹೊತ್ತು ಮತ್ತೆ ರಿಜಿಸ್ಟರ್ ಆಗಲ್ಲ. ಎರಡು, ಒಂದೇ ನಂಬರಿಗೆ ಮೂರು ದಾಖಲೆ ಬರುವುದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಪೇಜನ್ನು ರಿಫ್ರೆಶ್ ಮಾಡಿದಾಗ ಸ್ವಲ್ಪ ಹೊತ್ತು ಎರಡು ಕಾಣುತ್ತವೆ.

---

ಸಾಲಗಾಮೆ_ರಸ್ತೆ

ಗುರುಗಳೇ, ನನ್ನ 60 ಸೆಕೆಂಡು ವಾಪಸ್ ತಗೊಂಡೆ. ಮೊದಲನೆಯದಕ್ಕೆ ಒಂದು ಐಡಿಯಾ: ಕನೆಕ್ಷನ್ ಹೋದ ಕೂಡಲೇ ಅಳಿಸದೆ ಒಂದು ನಿಮಿಷ ಸುಮ್ನೆ ಕಾಯೋದು. ಅಷ್ಟರಲ್ಲಿ ವಾಪಸ್ ಬಂದ್ರೆ ಸರಿ, ಇಲ್ಲಾಂದ್ರೆ ತೆಗೆಯೋದು. ಆಟದ ಸರ್ವರ್‌ಗಳಲ್ಲಿ ಹಾಗೆ ಮಾಡ್ತಾರೆ.

---

ಗಿರಿಗಾಳಿ

ಆಟದಲ್ಲಿ ಕಾಯಬೇಕು. ಅಲ್ಲಿ ಆಟಗಾರನ ಅಂಕ, ಜಾಗ ಎಲ್ಲ ಉಳಿಸಬೇಕು, ತಕ್ಷಣ ಹೊರಗೆ ಹಾಕಿದರೆ ಸಿಟ್ಟಾಗುತ್ತಾರೆ. ಇಲ್ಲಿ ಉಳಿಸುವುದಕ್ಕೆ ಏನಿದೆ? ಸತ್ತ ಕನೆಕ್ಷನ್ ಮೇಲೆ ಇನ್ನೊಂದು ಕರೆ ಹೋಗುವುದಿಲ್ಲ. ಕಾಯುವ ಆ ಒಂದು ನಿಮಿಷ ರೈಟರ ಕರೆ ಗೋಡೌನಿಗೆ ತಿರುಗದೆ ಅದೇ ಮೌನಕ್ಕೆ ಬೀಳುತ್ತೆ, ಅಷ್ಟೇ ಲಾಭ. ಪಿಂಗ್‌ಗೆ ಉತ್ತರ ಬರದೆ ಹೋಗಿದ್ದೇ ಒಂದು ಕಾಯುವಿಕೆ ಆಯಿತಲ್ಲ, ಇನ್ನೊಂದು ಬೇಡ.

205ರ ತೊಂದರೆ ಫೋನಿನ ಕಡೆಯದು. ಸರ್ವರ್ ತನ್ನ ತುದಿ ಮುಚ್ಚಿದೆ. ಆ ಸುದ್ದಿ ಫೋನಿಗೆ ತಲುಪಿಲ್ಲ, ಯಾಕೆಂದರೆ ಆಗ ಸಿಗ್ನಲ್ ಇರಲಿಲ್ಲ. ಫೋನು ತನ್ನ ತುದಿ ಇನ್ನೂ ತೆರೆದಿದೆ ಅಂದುಕೊಂಡಿದೆ. ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ವೆಬ್‌ಸಾಕೆಟ್ ಪಿಂಗ್ ಕಳಿಸುವ ಅವಕಾಶ ಕೊಟ್ಟಿಲ್ಲ, ಅದು ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಹಾಗಾಗಿ ಪೇಜಿನಿಂದ ಆಗಾಗ ಸರ್ವರಿಗೆ ಒಂದು ಸಿಪ್ ಆಪ್ಷನ್ಸ್, ಅಂದರೆ 'ಇದ್ದೀಯಾ' ಅಂತ ಕೇಳುವ ಸಂದೇಶ, ಕಳಿಸಿ. ಹತ್ತು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವಾ, ಹಸಿರು ಚುಕ್ಕೆ ತೆಗೆದು, ಆ ಕನೆಕ್ಷನ್ ಎಸೆದು, ಹೊಸದು ತೆರೆದು, ಮತ್ತೆ ರಿಜಿಸ್ಟರ್ ಆಗಲಿ. ವೈಫೈ ವಾಪಸ್ ಬಂದಾಗ ಮತ್ತು ಸ್ಕ್ರೀನ್ ಹೊತ್ತಿದಾಗ ಬ್ರೌಸರ್ ಪೇಜಿಗೆ ಇವೆಂಟ್ ಕೊಡುತ್ತೆ, ಆಗಲೂ ಒಂದು ಆಪ್ಷನ್ಸ್ ಹೋಗಲಿ. ತಪ್ಪಿದಾಗ ಎಲ್ಲ ಫೋನೂ ಒಂದೇ ಕ್ಷಣಕ್ಕೆ ಮುಗಿಬೀಳದ ಹಾಗೆ ಮರುಪ್ರಯತ್ನದ ನಡುವೆ ಕೆಲವು ಸೆಕೆಂಡು ಹೆಚ್ಚು ಕಮ್ಮಿ ಮಾಡಿ. ಕರೆಂಟ್ ವಾಪಸ್ ಬಂದಾಗ ನಿಮ್ಮ ತೋಟದ ಫೋನೆಲ್ಲ ಒಟ್ಟಿಗೇ ಏಳುತ್ತವೆ ಅಲ್ವಾ.

ಎರಡು ದಾಖಲೆಯ ವಿಷಯ. ಬ್ರೌಸರಿಗೆ ತನ್ನ ಐಪಿ ವಿಳಾಸ ಗೊತ್ತಿರಲ್ಲ, ಹಾಗಾಗಿ ಸಿಪ್ ಲೈಬ್ರರಿ ಕಾಂಟ್ಯಾಕ್ಟ್ (ಫೋನು ಸಿಗುವ ವಿಳಾಸ) ಜಾಗದಲ್ಲಿ ಬಾಯಿಗೆ ಬಂದ ಒಂದು ಹೆಸರು ಹಾಕಿ ಕೊನೆಗೆ 'ಇನ್‌ವ್ಯಾಲಿಡ್' ಅಂಟಿಸುತ್ತೆ. ಪ್ರತಿ ರಿಫ್ರೆಶ್‌ಗೂ ಹೊಸ ಹೆಸರು. ಸರ್ವರಿಗೆ ಅದು ಬೇರೆಯೇ ಫೋನು. 2009ರ ಆರ್‌ಎಫ್‌ಸಿ 5626 ಇದಕ್ಕೆ ಇನ್‌ಸ್ಟೆನ್ಸ್ ಐಡಿ, ರೆಗ್ ಐಡಿ ಅಂತ ಎರಡು ಗುರುತು ಕೊಟ್ಟಿದೆ. ಎರಡೂ ಅವೇ ಆಗಿ ಬಂದರೆ ರಿಜಿಸ್ಟ್ರಾರ್, ಅಂದರೆ ಪಟ್ಟಿ ಇಡುವ ಸರ್ವರ್, ಹಳೇದರ ಜಾಗಕ್ಕೇ ಹೊಸದನ್ನು ಬರೆಯಬೇಕು. ಆದರೆ ಇನ್‌ಸ್ಟೆನ್ಸ್ ಐಡಿಯನ್ನೂ ಪ್ರತಿ ಸಲ ಹೊಸದಾಗಿ ಹುಟ್ಟಿಸಿದರೆ ಏನು ಪ್ರಯೋಜನ? ನಿಮ್ಮ ಪೇಜಿನ ಸಿಪ್ ಲೈಬ್ರರಿ ಜೆಎಸ್‌ಸಿಪ್ ಆದರೆ ನೀವು ಕೊಡದಿದ್ದರೆ ಅದೇ ಒಂದು ಹುಟ್ಟಿಸಿಕೊಳ್ಳುತ್ತೆ. ಮೊದಲ ಸಲ ಪೇಜು ತೆರೆದಾಗ ಒಂದು ಯುಯುಐಡಿ (ಬೇರೆ ಯಾರಿಗೂ ಬಾರದ ಉದ್ದ ಗುರುತು) ಮಾಡಿ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿಡಿ, ಮುಂದೆ ಅದನ್ನೇ ಕೊಡಿ.

ಮೇಡಂ ಗೀಡಂ ಬೇಡ ರೈಟರೇ, ಅಕ್ಕ ಅಂದರೆ ಸಾಕು.

---

ಪಲ್ಪರ್‌ಮನೆ

ಆಯ್ತು ಅಕ್ಕ. ಒಂದು ಸಂಶಯ. ಆಫೀಸಿನ ಯುಪಿಎಸ್ ಕೂಡ ಕೈಕೊಟ್ಟು ಪಿಸಿಯೇ ಆಫ್ ಆದರೆ? ದಾಖಲೆಗಳು ಡೇಟಾಬೇಸಿನಲ್ಲಿ ಉಳಿದಿರುತ್ತವೆ. ಮಳೆಗಾಲದಲ್ಲಿ ಆಗೇ ಆಗುತ್ತೆ.

---

ಗಿರಿಗಾಳಿ

ಕೇಳಬೇಕಾದ್ದನ್ನೇ ಕೇಳಿದಿರಿ. ಪಿಸಿ ಆಫ್ ಆದರೆ ಅದರ ಮೇಲಿದ್ದ ಎಲ್ಲ ಟಿಸಿಪಿ ಕನೆಕ್ಷನ್ನೂ ಸತ್ತಂತೆ. ಡೇಟಾಬೇಸಿನಲ್ಲಿರುವ ಹಳೇ ಕನೆಕ್ಷನ್ ಸಂಖ್ಯೆಗಳಿಗೆ ಅರ್ಥವೇ ಇಲ್ಲ. ಸಂಖ್ಯೆ ಮತ್ತೆ ಮೊದಲಿಂದ ಶುರುವಾದರೆ ಹಳೇ ದಾಖಲೆಯ ಸಂಖ್ಯೆಯೂ ಹೊಸ ಕನೆಕ್ಷನ್ನಿನ ಸಂಖ್ಯೆಯೂ ಒಂದೇ ಆಗಬಹುದು. ಸ್ವಂತ ಸರ್ವರ್ ಬರೆಯುವವರು ಪ್ರತಿ ಸಲ ಶುರುವಾದಾಗ ಒಂದು ಹೊಸ ಗುರುತು ಮಾಡಿ ಅದನ್ನೂ ಸಂಖ್ಯೆಯ ಜೊತೆ ಬರೆಯಬೇಕು.

ನಿಮಗೆ ಸುಲಭದ ದಾರಿ: ಇರುವುದು ಒಂದೇ ಸರ್ವರ್, ಎಲ್ಲ ಫೋನೂ ವೆಬ್‌ಸಾಕೆಟ್. ರಿಜಿಸ್ಟ್ರೇಷನ್ನನ್ನು ಡೇಟಾಬೇಸಿಗೆ ಬರೆಯಲೇಬೇಡಿ. ಯೂಸರ್‌ಲಾಕ್‌ನ ಡಿಬಿ ಮೋಡ್ 0 ಮಾಡಿ, ಎಲ್ಲ ಮೆಮೊರಿಯಲ್ಲೇ ಇರಲಿ. ಪಿಸಿ ಎದ್ದಾಗ ಪಟ್ಟಿ ಖಾಲಿ ಇರುತ್ತೆ, ಫೋನುಗಳು ತಾವಾಗಿ ಬಂದು ಬರೆಸುತ್ತವೆ. ಯೂಸರ್ ಪಾಸ್‌ವರ್ಡಿನ ಟೇಬಲ್ ಬೇರೆ, ಅದಕ್ಕೆ ಏನೂ ಆಗಲ್ಲ.

---

ಪಲ್ಪರ್‌ಮನೆ

ಮಾಡಿದೆ. ಪಿಸಿ ಆರಿಸಿ ಹೊತ್ತಿಸಿದ ಮೇಲೆ ಫೋನುಗಳು ಒಂದೊಂದಾಗಿ ಬಂದವು. ಲೈನಿನ ಫೋನು ಮಾತ್ರ ಪೇಜು ಮುಚ್ಚಿ ಮತ್ತೆ ತೆರೆದರೆ ಈಗಲೂ ಎರಡು ದಾಖಲೆ ತೋರಿಸುತ್ತಿದೆ. ಉಳಿದವು ಸರಿ. ಯುಯುಐಡಿ ಎಲ್ಲದರಲ್ಲೂ ಹಾಕಿದ್ದೇನೆ.

---

ಹೇಮಾವತಿ_ದಂಡೆ

ಲೈನಿನ ಫೋನಿನಲ್ಲಿ ಪೇಜು ಇನ್‌ಕಾಗ್ನಿಟೊ ಟ್ಯಾಬಿನಲ್ಲಿ ತೆರೆದಿದೆಯಾ ನೋಡಿ. ಇನ್‌ಕಾಗ್ನಿಟೊ ಟ್ಯಾಬೆಲ್ಲ ಮುಚ್ಚಿದ ಕೂಡಲೇ ಅಲ್ಲಿನ ಲೋಕಲ್ ಸ್ಟೋರೇಜ್ ಅಳಿದುಹೋಗುತ್ತೆ, ಮುಂದಿನ ಸಲ ಹೊಸ ಯುಯುಐಡಿ.

---

ಪಲ್ಪರ್‌ಮನೆ

ಹೌದು ಮಾರಾಯ್ರೇ, ಅದೇ. ಲೈನಿನ ಹುಡುಗರು ಆ ಫೋನಿನಲ್ಲಿ ಇನ್ನೇನೇನೋ ನೋಡುತ್ತಾರೆ ಅಂತ ಕಾಣುತ್ತೆ. ಪೇಜನ್ನು ಹೋಮ್ ಸ್ಕ್ರೀನಿಗೆ ಐಕಾನ್ ಮಾಡಿ ಇಟ್ಟು ಬಂದೆ.